ಸೋಲ್‌ಬಾರಿನ ಬಿರುಕು

ಜೋಗೇಶ್ವರಿ ಪೂರ್ವದ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿ ದಾನೇಶ್ವರಿ ಅಂತ ಒಬ್ಬಾಕೆ ಇದ್ದಾಳೆ. ವಯಸ್ಸು ಐವತ್ತೊಂದು, ತವರು ಧಾರವಾಡದ ಕಡೆ, ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷ. ಅವಳ ಎಡಗೈ ಹೆಬ್ಬೆರಳನ್ನು ಮುಟ್ಟಿ ನೋಡಿದರೆ ತುದಿ ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಇಪ್ಪತ್ತೆರಡು ವರ್ಷ ಬೆಸುಗೆಯ ಕಾವು ದಿನವೂ ನೆಕ್ಕಿ ನೆಕ್ಕಿ ಹಾಗೆ ಮಾಡಿಟ್ಟಿದೆ. ಬಿಸಿ ಹಂಚನ್ನು ಇಕ್ಕಳವಿಲ್ಲದೆ ಇಳಿಸುತ್ತಾಳೆ ಅಂತ ಕೆಳಮನೆಯವರು ಬೆರಗಾಗುತ್ತಾರೆ. ಬೆರಗೇನು ಬಂತು, ಆ ಬೆರಳಿಗೆ ಬಿಸಿ ಅಂದರೆ ನೆಂಟ.

ಅಂಧೇರಿ ಕಡೆಯ ಒಂದು ಕಂಪನಿಯಲ್ಲಿ ಕರೆಂಟ್ ಮೀಟರಿನೊಳಗೆ ಕೂರುವ ಹಸಿರು ಬೋರ್ಡುಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸವಾಗಿತ್ತು. ಉದ್ದನೆಯ ಮೇಜು, ನಲವತ್ತು ಹೆಂಗಸರು. ಬೇರೆಯವರ ಕೈ ತಪ್ಪಿ ಕೆಟ್ಟ ಬೋರ್ಡೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ದಾನೇಶ್ವರಿಯ ಮುಂದೆ. ಆಮೇಲೆ ಮಶೀನು ಬಂತು. ಮೇಜಿನ ಹೆಂಗಸರು ಒಬ್ಬೊಬ್ಬರಾಗಿ ಕರಗಿದರು. ದಾನೇಶ್ವರಿಯನ್ನು ಪ್ಯಾಕಿಂಗಿಗೆ ಹಾಕಿದರು. ಎರಡು ವರ್ಷ ರಟ್ಟಿನ ಖೋಕಾಗಳಿಗೆ ಟೇಪು ಅಂಟಿಸಿದಳು. ಅಷ್ಟರಲ್ಲಿ ಕಂಪನಿಯೇ ಊರು ಬಿಟ್ಟು ಹೋಯಿತು. ಮನೆಯಲ್ಲಿ ಕೂತು ಹನ್ನೊಂದು ತಿಂಗಳು. ನಾಲ್ಕು ಕಡೆ ಕೇಳಿಕೊಂಡು ಹೋದಳು. ನಾಲ್ಕು ಕಡೆಯೂ ಕಾಗದದಲ್ಲಿ ಹುಟ್ಟಿದ ಇಸವಿ ನೋಡಿ, ಫೋನ್ ಮಾಡುತ್ತೇವೆ ಅಂದರು.

ಗಂಡ ಕಿಶೋರ ಕೆಟ್ಟವನಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ, ಹೆಂಡತಿಯ ಮೇಲೆ ಪ್ರೀತಿ ಇದ್ದವ. ಆ ಪ್ರೀತಿಯಿಂದಲೇ ಒಂದು ದಿನ ಅಂದ: "ಸಾಕ ಬಿಡ ದಾನಾ. ಎಷ್ಟ ವರ್ಷ ಕಣ್ಣ ಸುಟಗೊಳ್ಳತಿ? ಇನ್ನ ಆ ಕೈಗೆ ರೊಟ್ಟಿ ಬಡಿಯೂದ ಸಾಕು."

ರೊಟ್ಟಿ ಬಡಿಯುವುದು ಅವಳಿಗೇನು ಬೇಸರವಲ್ಲ. ಆದರೆ 'ಸಾಕು' ಅನ್ನುವ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹೀಗಿರುವಾಗ ಪಕ್ಕದ ಮನೆಯ ವಿನೋದಿನಿ ಸುದ್ದಿ ತಂದಳು. ಅವಳು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಕೆಲಸಕ್ಕೆ ಹೋಗುವವಳು. "ನಮ್ಮ ಬಾಜೂ ಗಾಲಾದಾಗ ಹಿತ್ತಾಳಿ ರೈಲು ಮಾಡತಾರ. ಬೆಸಗಿಯವ ಬಿಟ್ಟ ಓಡ್ಯಾನ. ಮಂಗಳವಾರ ಒಂದ ದಿನ ಬಂದು ಕೈ ತೋರಸಬೇಕಂತ."

"ರೈಲೇನ? ಹುಡುಗರ ಆಟದ್ದು?"

"ಹುಡುಗರ ಕೈಗೆ ಕೊಟ್ಟರ ಮಾಲಕನ ಜೀವಾ ಹೋದೀತು. ನೀ ಹೋಗಿ ನೋಡ."

ಮಂಗಳವಾರ ಹತ್ತಕ್ಕೆ ಮುಂಚೆಯೇ ದಾನೇಶ್ವರಿ ಆ ಗಾಲಾದ, ಅಂದರೆ ಒಂದೇ ಕೋಣೆಯ ಆ ಕಾರ್ಖಾನೆಯ, ಬಾಗಿಲಲ್ಲಿದ್ದಳು.

ಮಾಲೀಕನ ಹೆಸರು ಚೆನ್ನಯ. ಉಡುಪಿ ಕಡೆಯವರು, ಅರವತ್ತರ ಹತ್ತಿರ. ಮುಂಬಯಿಗೆ ಬಂದದ್ದು ಮಾವನ ಹೋಟೆಲಿಗೆ, ಆದರೆ ಕೌಂಟರಿನಲ್ಲಿ ಕೂರಲಾಗದೆ ಟೂಲ್‌ರೂಮ್ ಕೆಲಸ ಕಲಿತು ಈ ಹಿತ್ತಾಳೆಯ ಹುಚ್ಚಿಗೆ ಬಿದ್ದವರು. ಮಗಳು ವಿಜೇತಾ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಾಳೆ. ಗಾಲಾದಲ್ಲಿ ಇರುವವರು ಇಬ್ಬರೇ. ಮೂರನೆಯ ಸ್ಟೂಲು ಖಾಲಿ.

ಚೆನ್ನಯ ಮೊದಲು ಒಂದು ಹಾಳೆಯನ್ನು ಅವಳ ಮುಂದಿಟ್ಟರು. ಕಾಗದದ್ದಲ್ಲ, ಹಿತ್ತಾಳೆಯದು. ಅದರ ತುಂಬ ಆಸಿಡ್ಡಿನಿಂದ ಕೊರೆದ ನೂರಾರು ಬಿಡಿಭಾಗಗಳು. ಒಂದೊಂದೂ ಎಲೆಯ ತೊಟ್ಟಿನಷ್ಟು ಸಣ್ಣ ಕೊಂಡಿಯಿಂದ ಹಾಳೆಗೆ ಹಿಡಿದುಕೊಂಡಿತ್ತು. ಕೊಂಡಿ ಕತ್ತರಿಸಬೇಕು, ಅಂಚು ಅರದಿಂದ ಉಜ್ಜಬೇಕು, ಮಡಚಬೇಕು, ಬೆಸೆಯಬೇಕು. ಎಲ್ಲ ಮುಗಿದಾಗ ಗೇಣಿಗಿಂತ ಚಿಕ್ಕದೊಂದು ಗೂಡ್ಸ್ ಡಬ್ಬಿ. ನಾಲ್ಕು ಗಾಲಿಯದು, ಮುಚ್ಚಿದ ಡಬ್ಬಿ, ಹಿಂದೆ ಸಿಮೆಂಟು ಸಕ್ಕರೆ ಹೊರುತ್ತಿದ್ದಂಥದ್ದು.

"ನಿಜವಾದ ಡಬ್ಬಿಯಲ್ಲಿ ಎಷ್ಟು ರಿವೆಟ್ ಉಂಟೋ ಇದ್ರಲ್ಲೂ ಅಷ್ಟೇ ಉಂಟು," ಅಂದರು ಚೆನ್ನಯ. "ಮೇಲಿನ ಗೋಡೆ, ಬಾಗಿಲು, ಮಾಡು ಎಲ್ಲ ನಾನು ಕಟ್ಟಿದೆ. ಅಡಿಯ ಕೆಲಸ ನನ್ನಿಂದ ಆಗ್ಲಿಕ್ಕಿಲ್ಲ ಅಕ್ಕಾ, ಕಣ್ಣು ಮಂಜು. ಎರಡು ಹಾಳೆ ಮಾಡಿಸಿದ್ದೆ. ಒಂದನ್ನು ಮುಂಚಿನವ ಸುಟ್ಟುಹಾಕಿ ಓಡಿದ. ಉಳಿದದ್ದು ಇದೊಂದೇ. ಸಂಜೆ ಐದಕ್ಕೆ ಇದನ್ನು ಮಾಡಿಸಿದ ಪಾರ್ಟಿ ಬರ್ತಾರೆ. ಬಣ್ಣ ಹಾಕುವ ಮೊದಲು ನೋಡ್ಬೇಕಂತೆ, ಬಣ್ಣ ಬಿದ್ರೆ ತಪ್ಪು ಮುಚ್ಚಿಹೋಗ್ತದಂತೆ. ಅವ್ರು ಸರಿ ಅಂದ್ರೆ ಆ ಸ್ಟೂಲು ನಿಮ್ಮದು. ಇಲ್ಲಾಂದ್ರೆ..."

"ತಿಳೀತ್ರಿ ಶೇಟ್ರ."

"ಪಾರ್ಟಿ ಎಂಥವ್ರು ಗೊತ್ತುಂಟಾ? ರೈಲ್ವೆಯಲ್ಲಿ ಡಬ್ಬಿ ತಪಾಸಣೆ ಮಾಡ್ತಿದ್ದವ್ರು. ರಿಟೈರಾಗಿ ಹದಿನೈದು ವರ್ಷ ಆಯ್ತು, ತಪಾಸಣೆ ನಿಲ್ಲಿಸ್ಲಿಲ್ಲ."

ದಾನೇಶ್ವರಿ ಕೂತಳು. ಬೆಸುಗೆಯ ಐರನ್ ಕಾಯುವವರೆಗೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೊದಲ ಚೂರು ಗಾಲಿಯನ್ನು ಹಿಡಿಯುವ ಕವಲು, ಕುದುರೆಲಾಳದಂಥದ್ದು. ಬೆಸುಗೆ ಹಿಡಿಯಲೆಂದು ಫ್ಲಕ್ಸ್ ಸವರಿ, ಸೀಸದ ತಂತಿ ತಾಗಿಸಿ, ಒಂದೇ ಉಸಿರಿನಲ್ಲಿ ಎಳೆದಳು. ಬೆಸುಗೆ ಫಳಫಳ ಹೊಳೆಯುತ್ತ ಗುಂಡಗೆ ಕೂತಿತು. ಕಂಪನಿಯಲ್ಲಿ ಇಂಥ ಬೆಸುಗೆಯನ್ನು ಸುಪರ್‌ವೈಸರು ಹೊಸ ಹುಡುಗಿಯರಿಗೆ ಕರೆದು ತೋರಿಸುತ್ತಿದ್ದ. ಅವಳು ತಲೆ ಎತ್ತಿದಳು.

ಚೆನ್ನಯ ಭೂತಗನ್ನಡಿ ಹಿಡಿದು ನೋಡಿ, "ಎಂತ ಅಕ್ಕಾ ಇದು! ಮದುಮಗಳಿಗೆ ಮೂಗುತಿ ಇಟ್ಟ ಹಾಗೆ ಇಟ್ಟಿದ್ದೀರಿ!" ಅಂದರು.

ವಿಜೇತಾ ಕಿಸಕ್ಕನೆ ನಕ್ಕಳು.

"ಕೆಟ್ಟತೇನ್ರಿ?"

"ಬೆಸುಗೆ ಚಂದ ಉಂಟು. ಚಂದ ಇದ್ದದ್ದೇ ತಪ್ಪು. ರೈಲಿನ ಡಬ್ಬಿಯಲ್ಲಿ ಎಲ್ಲಾದ್ರೂ ಸೀಸದ ಗುಂಡು ಕಾಣ್ತದಾ? ಇಲ್ಲಿ ಬೆಸುಗೆ ಇರ್ಬೇಕು, ಕಾಣ್ಬಾರ್ದು."

ಇಪ್ಪತ್ತೆರಡು ವರ್ಷ ಕಾಣಲಿ ಅಂತ ದುಡಿದ ಕೈಗೆ ಈಗ ಕಾಣಬೇಡ ಅಂದರೆ ಹೇಗೆ? ಮುಖ ಬಿಸಿಯಾಯಿತು. ಆದರೂ ತುಟಿ ಬಿಗಿಹಿಡಿದು, ಆ ಚೂರನ್ನು ಮತ್ತೆ ಕಾಯಿಸಿ ಬೆಸುಗೆ ಒರೆಸಿದಳು. ಈ ಸಲ ಒಳಮಗ್ಗುಲಿನಿಂದ, ಸಾಸಿವೆಯ ಅರ್ಧದಷ್ಟು ಬೆಸುಗೆ ಇಟ್ಟು ಕಾವು ಕೊಟ್ಟಳು. ಬೆಸುಗೆ ನೀರಿನ ಹಾಗೆ ಸಂದಿಯೊಳಗೆ ಜಾರಿ ಮಾಯವಾಯಿತು. ಚೆನ್ನಯ ಮತ್ತೆ ಗಾಜು ಹಿಡಿದರು. ಮುಂದಿನ ಚೂರನ್ನು ಅವಳ ಕಡೆ ಸರಿಸಿದರು. ಅದೇ ಒಳ್ಳೆಯ ಗುರುತು ಅಂದುಕೊಂಡಳು.

ಹನ್ನೊಂದೂವರೆಗೆ ಚೆನ್ನಯರಿಗೆ ಭಾಯಂದರದಿಂದ ಫೋನ್ ಬಂತು. ಬೇರೆ ಯಾವುದೋ ಕೆಲಸ, ಹೋಗಲೇಬೇಕು. ಫೋನನ್ನು ಕಿವಿ ಭುಜಗಳ ನಡುವೆ ಒತ್ತಿ, ಬೂಟಿನೊಳಗೆ ಕಾಲು ತೂರಿಸುತ್ತ ಅಂದರು: "ಅಕ್ಕಾ, ಸೋಲ್‌ಬಾರ್ ಎರಡುಂಟು. ಡಬ್ಬಿಯ ಅಡಿಯಲ್ಲಿ ಎರಡೂ ಬದಿಗೆ ಉದ್ದಕ್ಕೆ ಹೋಗುವ ತೊಲೆ. ಇಡೀ ಡಬ್ಬಿ ಅದ್ರ ಮೇಲೆಯೇ ಕೂತಿರುವುದು. ಒಂದನ್ನು ನಾನು ಮಡಚಿ ಇಟ್ಟಿದ್ದೇನೆ. ಇನ್ನೊಂದು ನೀವು ಮಡಚಿ. ಮಡಚಲಿಕ್ಕೆ ಕೊರೆದ ಗೆರೆ ಒಳಗೆ ಬರ್ಬೇಕು, ಮರೀಬೇಡಿ. ಮೂರಕ್ಕೆ ಬರ್ತೇನೆ."

"ಹೂಂನ್ರಿ."

ಹೂಂ ಅಂದದ್ದು ಬಾಯಿ. ಕೈ ಎಲ್ಲಿ ಕೇಳಿಸಿಕೊಂಡಿತ್ತು?

ಮೀಟರಿನ ಹಸಿರು ಬೋರ್ಡುಗಳು ಒಂದೊಂದಾಗಿ ಬರುತ್ತಿರಲಿಲ್ಲ. ಎಂಟು ಬೋರ್ಡು ಕೂಡಿ ಒಂದು ಹಲಗೆ, ನಡುನಡುವೆ ಗೆರೆ ಕೊರೆದಿರುತ್ತಿತ್ತು. ಬೆಸುಗೆ ಮುಗಿದ ಮೇಲೆ ಗೆರೆಯನ್ನು ಮೇಲೆ ಮಾಡಿ ಹಿಡಿದು, ಎರಡೂ ಹೆಬ್ಬೆರಳು ಕೊಟ್ಟು ಕೆಳಕ್ಕೆ ಒತ್ತಿದರೆ ಟಕ್ ಅಂತ ಬೇರೆ. ದಿನಕ್ಕೆ ಮುನ್ನೂರು ಸಲ ಟಕ್. ದಾನೇಶ್ವರಿಯ ಹೆಬ್ಬೆರಳುಗಳ ಪಾಲಿಗೆ ಗೆರೆ ಅಂದರೆ ಮುರಿ ಅಂತಲೇ ಅರ್ಥ. ಹಿತ್ತಾಳೆಯ ಗೆರೆಯ ಅರ್ಥವೇ ಬೇರೆ. ಇಲ್ಲಿ ಮಡಚು, ಆದರೆ ನನ್ನನ್ನು ಒಳಮುಖವಾಗಿ ಮುಚ್ಚಿ ಮಡಚು ಅಂತ.

ಸೋಲ್‌ಬಾರಿನ ಪಟ್ಟಿಯನ್ನು ಕತ್ತರಿಸಿ ತೆಗೆದಳು. ಅಂಚು ಉಜ್ಜಿದಳು. ಹಿಂಬದಿಯಿಂದ ಮೊಳೆಯ ತುದಿ ಒತ್ತಿ ಒಂದೊಂದೇ ರಿವೆಟ್ ಎಬ್ಬಿಸಿದಳು. ಚುಕ್ಕೆ ಚುಕ್ಕೆಯಾಗಿ ಎಳ್ಳು ಚೆಲ್ಲಿದ ಹಾಗೆ ಎದ್ದವು. ಮನಸ್ಸಿಗೆ ಹಿತವಾಯಿತು. ಆ ಹಿತದಲ್ಲಿಯೇ ಪಟ್ಟಿಯನ್ನು ಎತ್ತಿ, ಗೆರೆ ಮೇಲೆ ಮಾಡಿ, ಎರಡೂ ಹೆಬ್ಬೆರಳು ಕೊಟ್ಟು ಕೆಳಕ್ಕೆ ಒತ್ತಿಯೇಬಿಟ್ಟಳು.

ಟಕ್ ಅನ್ನಲಿಲ್ಲ. ಚಿರ್ ಅಂತ ಸಣ್ಣ ಸದ್ದು, ಬಟ್ಟೆಯ ಹೊಲಿಗೆ ಬಿಟ್ಟ ಹಾಗೆ.

ದಾನೇಶ್ವರಿಯ ಕೈ ನಿಂತಿತು. ಗೆರೆ ಬಾಯಿ ಬಿಟ್ಟಿತ್ತು. ಒಂದು ತುದಿಯಿಂದ ಎರಡು ಬೆರಳಗಲದಷ್ಟು ದೂರ ಹಿತ್ತಾಳೆ ಹರಿದು, ಆ ಕಡೆಯ ಬೆಳಕು ಕೂದಲೆಳೆಯಂತೆ ಕಾಣುತ್ತಿತ್ತು. ಉಳಿದ ಉದ್ದ ಹೇಗೋ ಹಿಡಿದುಕೊಂಡಿತ್ತು. ಅವಸರದಲ್ಲಿ ಹಿಂದಕ್ಕೆ ಬಗ್ಗಿಸಿದರೆ ಅದೂ ಹೋಗುತ್ತದೆ. ಪಕ್ಕದಲ್ಲಿ ಚೆನ್ನಯ ಮಡಚಿಟ್ಟ ಮೊದಲ ಸೋಲ್‌ಬಾರು ನೆಟ್ಟಗೆ ಕೂತು ಅವಳನ್ನೇ ನೋಡುತ್ತಿತ್ತು.

ಇನ್ನೊಂದು ಹಾಳೆ ಇಲ್ಲ.

"ಆಂಟಿ, ಕ್ಯಾ ಹುವಾ?" ವಿಜೇತಾ ಕುರ್ಚಿಯನ್ನು ಉರುಳಿಸಿಕೊಂಡೇ ಬಂದಳು. ನೋಡಿದಳು. ಬಾಯಿಗೆ ಕೈ ಹೋಯಿತು. "ಓ ಗಾಡ್! ಪಪ್ಪಾ... ಪಪ್ಪಾ ಪಾಗಲ್ ಆಗ್ತಾರೆ."

"ಇನ್ನೊಮ್ಮೆ ಹಾಳಿ ಮಾಡಸಾಕ ಎಷ್ಟ ದಿನಾ ಬೇಕವಾ?"

"ಟೂ ಮಂತ್ಸ್. ಒಂದೇ ಒಂದು ಪೀಸ್ ಆ ಆಸಿಡ್ ಕೆಲಸದೋರು ಮಾಡಲ್ಲ ಆಂಟಿ. ಪಾರ್ಟಿ ಅಂಕಲ್ ಆಲ್‌ರೆಡಿ ಒಂದು ವರ್ಷ ವೇಟ್ ಮಾಡಿದ್ದಾರೆ."

ಗಡಿಯಾರ ಹನ್ನೆರಡು ಹತ್ತು. ದಾನೇಶ್ವರಿ ಒಂದು ಗುಟುಕು ನೀರು ಕುಡಿದಳು. ಎದ್ದು ಹೋಗಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಮುಂಚಿನವನೂ ಹೀಗೇ ಎದ್ದು ಹೋಗಿರಬೇಕು. ಚೀಲ ಬಾಗಿಲ ಹತ್ತಿರವೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ಬೇರೆಯವರು ಕೆಡಿಸಿದ್ದನ್ನು ಸರಿಮಾಡಿದವಳು, ತಾನು ಕೆಡಿಸಿದ್ದನ್ನು ಮೇಜಿನ ಮೇಲೆ ಬಿಟ್ಟು ಹೇಗೆ ಹೋದಾಳು?

ಹಾಳೆಯ ಸುತ್ತಲಿನ ಬೇಡದ ಅಂಚಿನಿಂದ ಒಂದು ಕಿರುಪಟ್ಟಿ ಕತ್ತರಿಸಿದಳು. ಸೋಲ್‌ಬಾರಿನ ಪಟ್ಟಿಯನ್ನು ಈಗ ಸರಿಯಾದ ದಿಕ್ಕಿಗೆ, ಉಕ್ಕಿನ ಅಡಿಪಟ್ಟಿಯ ಅಂಚಿಗೆ ಒತ್ತಿ, ಉಸಿರು ಬಿಡದೆ ಮಡಚಿದಳು. ಬಿರುಕಿನ ಹಿಂದೆ, ತೊಲೆಯ ಒಳಮೂಲೆಯಲ್ಲಿ ಕಿರುಪಟ್ಟಿಯನ್ನು ಕೂರಿಸಿ ಬೆಸೆದಳು. ಹೊರಗಿನಿಂದ ನೋಡಿದರೆ ಗೆರೆಯ ಜಾಗದಲ್ಲಿ ಸಣ್ಣ ನೆರಳು, ಅಷ್ಟೇ. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು.

"ವಾವ್ ಆಂಟಿ! ಏನೂ ಕಾಣಲ್ಲ. ಪಪ್ಪಂಗೆ ಹೇಳ್ಬೇಡಿ, ಓಕೆ? ನಾನೂ ಹೇಳಲ್ಲ."

ದಾನೇಶ್ವರಿ ಡಬ್ಬಿಯನ್ನು ಮಗುಚಿ ಹಾಕಿ ಐರನ್ ಎತ್ತಿಕೊಂಡಳು.

ನಿಜವಾದ ಕಷ್ಟ ಆಮೇಲೆ ಇತ್ತು. ಸೋಲ್‌ಬಾರನ್ನು ಡಬ್ಬಿಯ ಅಡಿಗೆ ಬೆಸೆಯಬೇಕು, ಅದರ ಪಕ್ಕಕ್ಕೇ ಗಾಲಿಯ ಕವಲುಗಳು, ಸ್ಪ್ರಿಂಗು, ತುದಿಯಲ್ಲಿ ಗುದ್ದು ತಡೆಯುವ ಬಫರು. ಹಿತ್ತಾಳೆಯಲ್ಲಿ ಕಾವು ಒಂದೆಡೆ ನಿಲ್ಲುವುದಿಲ್ಲ, ಓಡುತ್ತದೆ. ಇಲ್ಲಿ ಐರನ್ ಇಟ್ಟರೆ ಅಲ್ಲಿ ಹಿಂದಿನ ಬೆಸುಗೆ ಕರಗಿ ಬಾಯಿ ಬಿಡುತ್ತದೆ. ತೇಪೆ ಸಡಿಲಾಯಿತೋ, ಬಿರುಕು ಮತ್ತೆ ತೆರೆಯಿತೋ, ಕೆಲಸವೇ ಮುಗಿಯಿತು. ಅವಳು ತುರುಬಿನಿಂದ ಎರಡು ಕ್ಲಿಪ್ಪು ಕಿತ್ತು ತೇಪೆಯ ಎರಡೂ ಕಡೆ ಕಚ್ಚಿಸಿದಳು, ಕಾವನ್ನು ಅವು ಕುಡಿಯಲಿ ಅಂತ. ಮೇಲೆ ಒದ್ದೆ ಟಿಶ್ಯೂ ಸುತ್ತಿದಳು. ಒಂದು ಕವಲಿಗೆ ಎರಡೇ ಎಣಿಕೆ ಕಾವು, ಕೂಡಲೇ ಐರನ್ ಹಿಂದಕ್ಕೆ. ಟಿಶ್ಯೂ ಚುಸ್ ಅಂದಾಗಲೆಲ್ಲ ಅವಳ ಎದೆಯೂ ಚುಸ್ ಅನ್ನುತ್ತಿತ್ತು. ಬಿಚ್ಚಿದ ಕೂದಲು ಬೆವರಿಗೆ ಕೆನ್ನೆಗಂಟಿತು. ತೆಗೆಯಲು ಕೈ ಖಾಲಿ ಇರಲಿಲ್ಲ. ವಿಜೇತಾ ಸದ್ದಿಲ್ಲದೆ ಬಂದು ಫ್ಯಾನನ್ನು ಅವಳ ಕಡೆ ತಿರುಗಿಸಲು ಹೋದಳು.

"ಬ್ಯಾಡವಾ! ಗಾಳಿ ಬಿದ್ದರ ಬೆಸಗಿ ಕೆಡತೈತಿ."

ತಂದಿದ್ದ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಎರಡೂವರೆಗೆ ಗಾಲಿ ಕೂರಿಸಿ, ಡಬ್ಬಿಯನ್ನು ಗಾಜಿನ ತುಂಡಿನ ಮೇಲೆ ಇಟ್ಟಳು. ಗಾಜು ಸುಳ್ಳು ಹೇಳುವುದಿಲ್ಲ. ನಾಲ್ಕು ಗಾಲಿಯೂ ಕೂತರೆ ಸದ್ದಿಲ್ಲ. ಒಂದು ಎದ್ದಿದ್ದರೆ ಮೂಲೆ ಒತ್ತಿದಾಗ ಟಿಕ್ ಅನ್ನುತ್ತದೆ.

ಒಂದು ಮೂಲೆ ಒತ್ತಿದಳು. ಟಿಕ್.

ಎದ್ದಿದ್ದು ತೇಪೆಯ ಕಡೆಯ ಗಾಲಿ! ಬಿರುಕಿನಲ್ಲಿ ತೊಲೆ ಕೂದಲಿನಷ್ಟು ತಿರುಚಿತ್ತು. ಆ ಕವಲನ್ನು ಮತ್ತೆ ಕಾಯಿಸಿ ಕೂರಿಸಬೇಕು, ತೇಪೆಗೆ ಒಂದು ಉಗುರಿನಷ್ಟು ಹತ್ತಿರ. ಕ್ಲಿಪ್ಪು ಕಚ್ಚಿಸಿದಳು, ಒದ್ದೆ ಸುತ್ತಿದಳು, ಗಾಲಿಯನ್ನು ಗಾಜಿಗೆ ಒತ್ತಿ ಹಿಡಿದು ಐರನ್ ತಾಗಿಸಿದಳು. ಒಂದು. ಎರಡು. ಕವಲು ಅಲುಗಾಡಲಿಲ್ಲ. ಮೂರು. ಟಿಶ್ಯೂ ಒಣಗುತ್ತ ಬಂತು. ನಾಲ್ಕು ಅನ್ನುವಷ್ಟರಲ್ಲಿ ಕವಲು ಬೆಣ್ಣೆಯಲ್ಲಿ ಜಾರಿದ ಹಾಗೆ ತುಸು ಕೆಳಗಿಳಿಯಿತು. ಐರನ್ ತೆಗೆದಳು. ಎಡ ಹೆಬ್ಬೆರಳಿನಿಂದ ಬಿಸಿ ಹಿತ್ತಾಳೆಯನ್ನು ಹಾಗೇ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದಳು. ಬಿಟ್ಟಳು. ಮೂಲೆ ಒತ್ತಿದಳು.

ಸದ್ದಿಲ್ಲ. ನಾಲ್ಕೂ ಮೂಲೆ ಒತ್ತಿದಳು. ಸದ್ದಿಲ್ಲ.

ಆಗ ಚೆನ್ನಯ ಬಂದರು. ಚೀಲ ಇಳಿಸದೆಯೇ ಗಾಜಿನ ಮೇಲಿನ ಡಬ್ಬಿಯನ್ನು ಒಂದು ಬೆರಳಿನಿಂದ ನೂಕಿದರು. ಅದು ಗಾಜಿನ ಈ ತುದಿಯಿಂದ ಆ ತುದಿಗೆ ಹಾಲು ಹರಿದ ಹಾಗೆ ಹೋಯಿತು. "ಅಯ್ಯೋ ಮಾರಾಯ್ತಿ! ಇಷ್ಟು ವರ್ಷ ಎಲ್ಲಿ ಅಡಗಿದ್ರಿ ನೀವು?" ಅನ್ನುತ್ತ ಫೋನ್ ತೆಗೆದು ಪಾರ್ಟಿಗೆ ಹೇಳಿಯೇಬಿಟ್ಟರು: "ಬನ್ನಿ ಸರ್, ಐದಕ್ಕೆ ರೆಡಿ."

ದಾನೇಶ್ವರಿ ಬಾಯಿ ತೆರೆದಳು. ಬಿರುಕಿನ ಮಾತು ಹೇಳಬೇಕಿತ್ತು. ಹನ್ನೊಂದು ತಿಂಗಳಲ್ಲಿ ಒಬ್ಬರೂ ಅವಳ ಕೈಯನ್ನು ಹೀಗೆ ಹೊಗಳಿರಲಿಲ್ಲ. ಇನ್ನೂ ಬ್ರೇಕಿನ ಕಡ್ಡಿ, ಮೆಟ್ಟಿಲು, ಕೊಕ್ಕೆ ಉಳಿದಿದ್ದವು. ತಲೆ ತಗ್ಗಿಸಿ ಕೆಲಸಕ್ಕೆ ಕೂತಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆ ಆಮೇಲೆ ಐದು ಗಂಟೆಯವರೆಗೂ ಬರಲಿಲ್ಲ.

ಬಂದವರು ಸಿದ್ದಲಿಂಗಪ್ಪ. ಚೆಂಬೂರಿನವರು, ಮೂಲ ಬೆಳಗಾವಿಯ ಕಡೆ. ಎಪ್ಪತ್ತು ದಾಟಿದ ನೆಟ್ಟನೆಯ ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂರಲಿಲ್ಲ, ನೀರು ಬೇಡ ಅಂದರು. ಕಿಸೆಯಿಂದ ತಮ್ಮದೇ ಭೂತಗನ್ನಡಿ ತೆಗೆದು ಡಬ್ಬಿಯ ಸುತ್ತ ನಿಧಾನ ನೋಡತೊಡಗಿದರು, ಆಳೆತ್ತರದ ಡಬ್ಬಿಯ ಸುತ್ತ ನಡೆಯುವವರ ಹಾಗೆ ತಾವೇ ಮೇಜಿನ ಸುತ್ತ ನಡೆಯುತ್ತ.

"ಬಾಗಲಾ ಛೊಲೊ ಆಗ್ಯಾವು. ಬಫರ್ ಬರೊಬರಿ. ಅಡಿಗಿಂದು ಯಾರ ಮಾಡ್ಯಾರ?"

"ನಾನ್ರಿ ಕಾಕಾರ."

"ಎಲ್ಲಿಯವಳು ತಂಗಿ ನೀನು?"

"ಧಾರವಾಡದ ಬಾಜೂಕಿನವಳ್ರಿ."

"ಹಂಗಾರ ನಮ್ಮಾಕಿನ." ಅವರ ಮುಖ ಸ್ವಲ್ಪ ಸಡಿಲಾಯಿತು. ಡಬ್ಬಿಯನ್ನು ಮಗುವಿನ ಹಾಗೆ ಎತ್ತಿ ಮಗ್ಗುಲಾಗಿಸಿದರು. "ನಮ್ಮ ಯಾರ್ಡಿನ್ಯಾಗ ಕನ್ನಡದ ಖಲಾಸಿಗಳಿದ್ರು. ಅವರ ಬಾಯಾಗ ಇದು ಸೋಲ್‌ಬಾರ್ ಅಲ್ಲ, ಸೋಲಬಾರ್ದು! ಉಳದದ್ದೆಲ್ಲಾ ಸೋಲಲಿ, ಇದೊಂದು ಸೋಲಬಾರ್ದು ಅಂತಿದ್ರು."

ಚೆನ್ನಯ ಜೋರಾಗಿ ನಕ್ಕರು. ದಾನೇಶ್ವರಿಗೆ ನಗು ಬರಲಿಲ್ಲ.

ಸಿದ್ದಲಿಂಗಪ್ಪ ಕಿಸೆಯ ಪೆನ್ನು ತೆಗೆದು, ಅದರ ಹಿಂಭಾಗದಿಂದ ಒಂದು ಸೋಲ್‌ಬಾರನ್ನು ಮೆಲ್ಲನೆ ಬಡಿದರು. ಟಿಣ್. ಡಬ್ಬಿ ತಿರುಗಿಸಿ ಇನ್ನೊಂದನ್ನು ಬಡಿದರು. ಟಿಣ್, ಟಿಣ್, ಟಪ್.

ಅವರ ಕೈ ನಿಂತಿತು. ಮತ್ತೆ ಅದೇ ಜಾಗಕ್ಕೆ ಬಡಿದರು. ಟಪ್.

"ಇಲ್ಲೇನೈತಿ?"

"ನಥಿಂಗ್ ಅಂಕಲ್," ಅಂದಳು ವಿಜೇತಾ ಥಟ್ಟನೆ. "ಸೋಲ್ಡರ್ ಒಳಗೆ ಸ್ವಲ್ಪ ಜಾಸ್ತಿ ಆಗಿದೆ."

"ಹೌದು ಹೌದು, ಬೆಸುಗೆ ಜಾಸ್ತಿ ಆದ್ರೆ ಸದ್ದು ಹಾಗೆ ಬರ್ತದೆ ಸರ್," ಅಂದರು ಚೆನ್ನಯ, ಮಗಳ ಮಾತನ್ನೇ ನಂಬಿ.

ಸಿದ್ದಲಿಂಗಪ್ಪ ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಬೆಸುಗೆ ಅಷ್ಟು ನಾಜೂಕಾಗಿತ್ತು, ಏನೂ ಕಾಣಲಿಲ್ಲ. "ಇರಬೇಕು," ಅಂದು ಗಾಜನ್ನು ಕಿಸೆಗೆ ಇಳಿಸಿದರು. ಇನ್ನೊಂದು ಮಾತು, 'ಫಿಟ್' ಅನ್ನುವ ಮಾತು ಬಂದರೆ ಸಾಕು, ಆ ಸ್ಟೂಲು ಅವಳದು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು.

ದಾನೇಶ್ವರಿ ನಿಂತಿದ್ದಳು. ನಾಳೆ, ನಾಡಿದ್ದು, ಆರು ತಿಂಗಳ ಮೇಲೆ, ಈ ಮನುಷ್ಯ ತನ್ನ ಮನೆಯ ಕಪಾಟಿನಿಂದ ಡಬ್ಬಿ ಎತ್ತಿ ಆ ಜಾಗಕ್ಕೆ ಮತ್ತೆ ಬಡಿಯುತ್ತಾನೆ. ಮತ್ತೆ ಟಪ್ ಅನ್ನುತ್ತದೆ. ತಾನು ಆ ಸ್ಟೂಲಿನ ಮೇಲೆ ಕೂತು ದಿನಾ ಆ ಸದ್ದನ್ನು ಕೇಳಬೇಕು.

"ಬೆಸಗಿ ಹೆಚ್ಚಾಗಿಲ್ರಿ," ಅಂದಳು. ದನಿ ತನ್ನದಲ್ಲ ಅನ್ನಿಸಿತು. "ತ್ಯಾಪಿ ಐತ್ರಿ ಅಲ್ಲಿ. ಗೆರಿ ಹೊರಗ ಮಾಡಿ ಮಡಚಿದ್ನಿ. ಸೀಳ್ತು. ಒಳಗ ಪಟ್ಟಿ ಹಚ್ಚಿ ಮುಚ್ಚೇನಿ. ಶೇಟ್ರು ಇದ್ದಿಲ್ಲ. ಅವರಿಗೆ ಗೊತ್ತಿಲ್ರಿ."

ಚೆನ್ನಯ ಮಗಳ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?" ವಿಜೇತಾ ನೆಲ ನೋಡಿದಳು. ಚೆನ್ನಯರ ಕಿವಿ ಕೆಂಪಾಯಿತು. "ಅಕ್ಕಾ, ಗೆರೆ ಒಳಗೆ ಅಂತ ಹೇಳಿಯೇ ಹೋದದ್ದಲ್ವಾ ನಾನು? ಚಪ್ಪಲಿ ಮೆಟ್ಟಿ ಓಡುವಾಗ ಹೇಳಿದ್ದಲ್ಲ, ಬೂಟು ಹಾಕುವಷ್ಟು ಹೊತ್ತು ನಿಂತು ಪೂರ್ತಿ ಹೇಳಿದ್ದು!"

"ಹೇಳಿದ್ರಿ ಶೇಟ್ರ. ಕೇಳೇನಿ. ಕೈ ಕೇಳ್ಲಿಲ್ಲ."

ಸಿದ್ದಲಿಂಗಪ್ಪ ಡಬ್ಬಿಯನ್ನು ಮತ್ತೆ ಮಗುಚಿ ಹಾಕಿ, ಅವಳು ತೋರಿಸಿದ ಕಡೆಯಿಂದ ಒಳಗೆ ಇಣುಕಿದರು. ತೇಪೆ ಕಂಡಿತು. "ಬಾಗಲಕ್ಕ ಆಗಿದ್ರ ತ್ಯಾಪಿ ನಡೀತಿತ್ತು," ಅಂದರು. "ಸೋಲ್‌ಬಾರಿಗೆ ನನ್ನ ಕೈಯಾಗ ನಡಿಯಂಗಿಲ್ಲ. ಆಟದ್ದ ಇರಲಿ, ಖರೇದ್ದ ಇರಲಿ." ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ಸಿಕ್."

"ಎಂತ ಸಿಕ್ತು ಸರ್?" ಅಂದರು ಚೆನ್ನಯ ಗಾಬರಿಯಿಂದ. "ಇನ್ನೂ ಏನಾದ್ರೂ ಸಿಕ್ತಾ?"

"ಸಿಕ್ಕದ್ದಲ್ಲೋ ಮಾರಾಯಾ. ಸಿಕ್. ಬ್ಯಾನಿ ಬಿದ್ದೈತಿ ಅಂತ. ಡಬ್ಬಿ ಓಡಾಕ ಲಾಯಕ್ ಇಲ್ಲಂದ್ರ ನಾವು ಸಿಕ್ ಅಂತ ಬರದು ಬಾಜೂ ಲೈನಿಗೆ ಹಾಕತಿದ್ವಿ."

ದಾನೇಶ್ವರಿ ಬಾಗಿಲ ಹತ್ತಿರದ ಚೀಲದ ಕಡೆ ನಡೆದಳು. ಬಿಚ್ಚದ ಊಟದ ಡಬ್ಬಿಯ ಭಾರ ಕೈಗೆ ಹತ್ತಿತು. ಆದರೆ ಹೊಸಿಲ ಹತ್ತಿರ ಅವಳ ಕಾಲು ನಿಂತಿತು. ಹೋಗುವ ಮುಂಚೆ ಒಂದು ಕೇಳಲೇಬೇಕಿತ್ತು.

"ಕಾಕಾರ, ಸಿಕ್ ಆದ ಡಬ್ಬಿ ಮುಂದ ಏನ ಮಾಡತಿದ್ರಿ? ಮುರದ ಹಾಕತಿದ್ರೇನ?"

"ಛೇ ಛೇ! ಮುರಿಯೂದಕ್ಕ ಬ್ಯಾರೆ ಹೆಸರೈತಿ, ಅದು ಕಂಡೆಮ್. ಸಿಕ್ ಅಂದ್ರ ರಿಪೇರಿ ಮಾಡಿ ತಿರುಗಿ ಲೈನಿಗೆ ಬಿಡೂದು."

"ಹಂಗಾರ ಇದನ್ನೂ ರಿಪೇರಿ ಮಾಡಬೇಕಲ್ರಿ."

"ಎಲ್ಲಿಂದ ಮಾಡುದು?" ಚೆನ್ನಯ ಸಿಡಿದರು. "ಹಾಳೆ ಇಲ್ಲ ಅಂತ ಬೆಳಗ್ಗೆಯೇ ಹೇಳ್ಲಿಲ್ವಾ?"

"ಹಾಳಿ ಬ್ಯಾಡ್ರಿ." ಅವಳು ಚೀಲ ಕೆಳಗಿಟ್ಟು ಮೇಜಿನ ಹತ್ತಿರ ಬಂದಳು. ಬೆಳಗಿನಿಂದ ಇಲ್ಲದ ಒಂದು ಗಟ್ಟಿತನ ದನಿಗೆ ಬಂದಿತ್ತು, ಅದು ಅವಳಿಗೂ ಗೊತ್ತಾಗಲಿಲ್ಲ. "ಮಡಚೂದ ಬ್ಯಾಡ. ಸಾದಾ ಹಿತ್ತಾಳಿ ಪಟ್ಟಿ ಮೂರು ಕೂಡಿಸಿ ಬೆಸದರ ಅದ ತೊಲಿ ಆಕ್ಕೈತಿ. ರಿವೆಟ್ ನಾನ ಒತ್ತತೀನಿ, ನಕ್ಷಾ ಐತೆಲ್ಲ. ಹಳೇದನ್ನ ಬಿಚ್ಚೂದು ಹೆಂಗಂತ ಗೊತ್ತೈತಿ ನನಗ. ಎಲ್ಲಿ ಎಷ್ಟ ಕಾವು ಕೊಟ್ಟೇನಿ ಅಂತ ಬ್ಯಾರೆ ಯಾರಿಗೂ ಗೊತ್ತಿಲ್ಲ."

ಚೆನ್ನಯ ಸಿದ್ದಲಿಂಗಪ್ಪನ ಕಡೆ ನೋಡಿದರು. ಅವರು ಒಂದು ಕಾಗದದ ಚೂರಿನ ಮೇಲೆ ತಾರೀಖು ಬರೆದು, ಕೆಳಗೆ 'ಸಿಕ್' ಅಂತ ಬರೆದು, ಡಬ್ಬಿಯ ಛಾವಣಿಯ ಮೇಲೆ ಇಟ್ಟರು.

"ಎಂದ ಬರಲಿ ತಂಗಿ?"

"ಶುಕ್ರವಾರ ಬರ್ರಿ."

"ಶನಿವಾರ ಬರ್ತೀನಿ. ಒಂದ ದಿನ ಕೈಯಾಗ ಇಟಗೊ." ಹಾಗೆಂದು ಬಾಗಿಲ ತನಕ ಹೋಗಿ, ತಿರುಗಿ ಚೆನ್ನಯರಿಗೆ ಅಂದರು: "ಅಲ್ಲೋ, ಈಕಿ ಹೇಳದಿದ್ರ ನಾ ಫಿಟ್ ಬರೀತಿದ್ನಿ. ಈ ವಯಸ್ಸಿನ್ಯಾಗ ನನ್ನ ಹೆಸರು ಕೆಡತಿತ್ತು."

ಅವರು ಹೋದ ಮೇಲೆ ಚೆನ್ನಯ ಮೇಜಿನ ಕೆಳಗಿನ ಖಾನೆಯಿಂದ ಹಿತ್ತಾಳೆ ಪಟ್ಟಿಗಳ ಕಟ್ಟೊಂದನ್ನು ತೆಗೆದು, ಕುಕ್ಕಿದ ಹಾಗೆ ಅವಳ ಮುಂದಿಟ್ಟರು. ಕೋಪ ಇನ್ನೂ ಇಳಿದಿರಲಿಲ್ಲ. "ನಾಳೆ ಒಂಬತ್ತೂವರೆಗೆ ಬನ್ನಿ. ಒಂಬತ್ತೂವರೆ ಅಂದ್ರೆ ಒಂಬತ್ತೂವರೆ. ಮತ್ತೆ ಅಕ್ಕಾ, ಇನ್ನು ಮುಂದೆ ಏನಾದ್ರೂ ಮುರಿದ್ರೆ ಮೊದ್ಲು ನಂಗೆ ಹೇಳ್ಬೇಕು. ಪಾರ್ಟಿಗಲ್ಲ!"

ಆರೂ ಕಾಲಿನ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ದಾನೇಶ್ವರಿ ಬಾಗಿಲ ಕಂಬ ಹಿಡಿದು ನಿಂತಿದ್ದಾಗ ಕಿಶೋರನ ಫೋನ್ ಬಂತು.

"ಏನಾತು ದಾನಾ?"

"ಡಬ್ಬಿ ಸಿಕ್ ಆತು."

"ಎಲ್ಲೆ ಸಿಕ್ತು? ಊಟದ ಡಬ್ಬಿ ಕಳದಿತ್ತೇನ?"

"ಅದಲ್ರೀ... ಮನಿಗೆ ಬಂದು ಹೇಳತೀನಿ."

"ಮತ್ತ ಕೆಲಸದ್ದೇನಾತು? ಬ್ಯಾಡಂದ್ರೇನ?"

ಮಾಲಾಡದಲ್ಲಿ ಹತ್ತಿದ ಗುಂಪು ಅವಳನ್ನು ಒಳಕ್ಕೆ ನೂಕಿತು. ಫೋನನ್ನು ಕಿವಿಗೆ ಒತ್ತಿಕೊಂಡು, ಯಾರದೋ ತೋಳಿನ ಕೆಳಗಿನಿಂದ ಅವಳು ಕೂಗಿ ಹೇಳಿದಳು:

"ನಾಳೆ ಗ್ಯಾಸ್ ನೀವ ಹಚ್ರಿ. ನಾ ಎಂಟೂವರಿಗೆ ಮನಿ ಬಿಡಬೇಕು."